ಕನೆಕ್ಟಿಂಗ್ ಫ್ಲೈಟ್‌ನಲ್ಲಿ ಮತ್ತೆ ಮತ್ತೆ ಚೆಕಿಂಗ್: ಹಾಸನದಿಂದ ಮಕ್ಕಳ ಮನೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೀದಿಯಲ್ಲೇ ಆರು ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ. ಮಗಳ ಬಾಣಂತನ, ಮೊಮ್ಮಗುವಿನ ನಾಮಕರಣ, ಮಗ ಹೊಸ ಮನೆ ತಗೊಂಡ ಅಂತ ವರ್ಷದಲ್ಲಿ ಯಾರಾದರೂ ಒಬ್ಬರು ಹೊರಡುತ್ತಲೇ ಇರುತ್ತಾರೆ. ನಾನು ಅಪ್ಪ ಅವ್ವನನ್ನು ಅಮೆರಿಕದಲ್ಲಿರುವ ತಮ್ಮನ ಮನೆಗೆ ನಾಲ್ಕು ಸಲ ಕಳಿಸಿದ್ದೇನೆ, ಅದರಲ್ಲಿ ಎರಡು ಸಲ ಜೊತೆಗೇ ಹೋಗಿದ್ದೇನೆ. ಹಾಗಾಗಿ ಟಿಕೆಟ್ ಆದ ಕೂಡಲೇ ನನಗೊಂದು ಫೋನ್ ಬರುತ್ತದೆ. ವೀಸಾ, ಲಗೇಜ್ ತೂಕ ಇದೆಲ್ಲ ಮಕ್ಕಳೇ ನೋಡಿಕೊಂಡಿರುತ್ತಾರೆ. ಆದರೆ ದಾರಿ ಮಧ್ಯೆ ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ, ಸಾಲಿನಿಂದ ಪಕ್ಕಕ್ಕೆ ಕರೆದು ನಿಲ್ಲಿಸುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ನಮ್ಮವ್ವನಿಗೂ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ಬೇಜಾರಿಗೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಒಂದು ಸಲ ಪೂರ್ತಿ ಚೆಕಿಂಗ್ ಆಗಿರುತ್ತದಲ್ಲ, ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಮತ್ತೆ ಯಾಕೆ?

ಯಾಕೆಂದರೆ ಒಂದು ದೇಶ ಮಾಡಿದ ಚೆಕಿಂಗನ್ನು ಇನ್ನೊಂದು ದೇಶ ಹಾಗೇ ಒಪ್ಪಿಕೊಳ್ಳಬೇಕು ಅಂತ ಏನಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಪುಸ್ತಕದಲ್ಲಿ 17ನೇ ಅನುಬಂಧ ಅಂತ ಒಂದಿದೆ. ವಿಮಾನ ಭದ್ರತೆಗೆಂದೇ 1974ರಲ್ಲಿ ಬಂದದ್ದು. ಅದರ ಪ್ರಕಾರ ವಿಮಾನ ಬದಲಿಸುವವರನ್ನೂ ಅವರ ಕೈಚೀಲವನ್ನೂ ಮುಂದಿನ ವಿಮಾನ ಹತ್ತುವ ಮುಂಚೆ ನೋಡಬೇಕು. ಎರಡು ಕಡೆಯವರೂ ಪರಸ್ಪರ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಬಿಡಬಹುದು. ಯುರೋಪಿನ ಒಕ್ಕೂಟ ಅಮೆರಿಕ, ಕೆನಡಾ, ಬ್ರಿಟನ್, ಸಿಂಗಾಪುರದಂಥ ಕೆಲವು ಕಡೆಯ ತಪಾಸಣೆಯನ್ನು ಒಪ್ಪಿಕೊಂಡಿದೆ. ನಮ್ಮ ದೇಶ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬೆಂಗಳೂರಿನಿಂದ ಇಳಿದವರು ಮತ್ತೆ ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ನಿಂತವರಲ್ಲಿ ಶ್ರೀಮಂತರೂ ಇರುತ್ತಾರೆ, ಪೈಲಟ್‌ಗಳೂ ಇರುತ್ತಾರೆ.

ಈ ಎರಡನೇ ಚೆಕಿಂಗ್ ಎಲ್ಲರಿಗೂ ಆಗುವಂಥದ್ದು. ಅದರ ಮೇಲೆ ಒಬ್ಬಿಬ್ಬರನ್ನು ಆರಿಸಿ ಮಾಡುವ ಮೂರನೆಯದು ಬೇರೆ.

ಎಲ್ಲರಿಗೂ ಆಗಿದ್ದು ಸರಿ. ನನ್ನೊಬ್ಬನನ್ನೇ ಯಾಕೆ ಪಕ್ಕಕ್ಕೆ ಕರೆದರು?

ಇದಕ್ಕೆ ಬೇರೆ ಬೇರೆ ಕಾರಣ ಇರಬಹುದು. ಯಾವುದು ಅಂತ ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಒಂದು, ಏನೂ ಕಾರಣವಿಲ್ಲದೆ. ಲೋಹ ಪತ್ತೆ ಮಾಡುವ ಬಾಗಿಲಿನಂಥ ಯಂತ್ರಕ್ಕೇ, ಇಷ್ಟು ಜನರಲ್ಲಿ ಒಬ್ಬರಿಗೆ ಸುಮ್ನೆ ಸದ್ದು ಮಾಡು ಅಂತ ಹೇಳಿಟ್ಟಿರುತ್ತಾರೆ. ನಿಮ್ಮ ಜೇಬಿನಲ್ಲಿ ಒಂದು ಗುಂಡುಸೂಜಿ ಇಲ್ಲದಿದ್ದರೂ ಅದು ಕೂಗುತ್ತದೆ. ಯಾರನ್ನು ಹಿಡಿಯುತ್ತಾರೆ ಅಂತ ಮೊದಲೇ ಲೆಕ್ಕ ಹಾಕಲು ಯಾರಿಗೂ ಆಗಬಾರದು ಅನ್ನುವುದೇ ಇದರ ಉದ್ದೇಶ. ಇನ್ನೊಂದು, ಬ್ಯಾಗಿನಲ್ಲಿ ಅಥವಾ ಮೈಮೇಲೆ ಏನೋ ಒಂದು ಯಂತ್ರಕ್ಕೆ ಸರಿಯಾಗಿ ಕಾಣಲಿಲ್ಲ. ಮತ್ತೊಂದು, ವಿಮಾನ ಹತ್ತುವ ಮುಂಚೆಯೇ ಕಂಪ್ಯೂಟರ್ ನಿಮ್ಮ ಹೆಸರನ್ನು ಆರಿಸಿಟ್ಟಿರುತ್ತದೆ. ಅದನ್ನು ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ನಿಜವಾಗಲೂ ಲಾಟರಿ ಎತ್ತಿದ ಹಾಗೇನಾ, ಬಣ್ಣ ನೋಡಿ ಗಡ್ಡ ನೋಡಿ ಕರೆಯುವುದಿಲ್ವಾ ಅಂತ ಕೆಲವರು ಕೇಳುತ್ತಾರೆ. ಈ ಅನುಮಾನ ಸುಳ್ಳು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಯಂತ್ರ ಆರಿಸುವ ಕಡೆ ಭೇದ ಇಲ್ಲದಿರಬಹುದು, ಮನುಷ್ಯ ಆರಿಸುವ ಕಡೆ ಮನುಷ್ಯನ ಕಣ್ಣು ಇದ್ದೇ ಇರುತ್ತದೆ. ಆದರೂ ಒಂದು ಮಾತು ಖಂಡಿತ. ಕರೆದಿದ್ದಾರೆ ಅಂದರೆ ನಿಮ್ಮ ಮೇಲೆ ತಪ್ಪು ಹೊರಿಸಿದ್ದಾರೆ ಅಂತ ಅಲ್ಲ.

ಬೋರ್ಡಿಂಗ್ ಪಾಸ್ ಮೇಲೆ ನಾಲ್ಕು ಎಸ್ ಇದೆ. ಏನದು?

ಇದು ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕಾಣುವ ಗುರುತು. ಇಂಗ್ಲಿಷಿನ ಎಸ್ ಅಕ್ಷರವನ್ನು ಸಾಲಾಗಿ ನಾಲ್ಕು ಸಲ ದಪ್ಪಗೆ ಅಚ್ಚು ಹಾಕಿರುತ್ತಾರೆ. ಈ ಪ್ರಯಾಣಿಕರಿಗೆ ಎರಡನೇ ಹಂತದ ತಪಾಸಣೆ ಮಾಡಿ ಅಂತ ಅದರ ಅರ್ಥ. ಅಮೆರಿಕದ ಸಾರಿಗೆ ಭದ್ರತಾ ಆಡಳಿತ 2009ರಿಂದ ಸೆಕ್ಯೂರ್ ಫ್ಲೈಟ್ ಅನ್ನುವ ವ್ಯವಸ್ಥೆ ನಡೆಸುತ್ತಿದೆ. ವಿಮಾನ ಹೊರಡುವ 72 ಗಂಟೆ ಮುಂಚಿನಿಂದ ಏರ್‌ಲೈನ್‌ನವರು ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ ಅನ್ನುವುದನ್ನು ಅವರಿಗೆ ಕಳಿಸುತ್ತಾರೆ. ಅಲ್ಲಿಂದ ಬಂದ ಉತ್ತರದ ಮೇಲೆ ಈ ನಾಲ್ಕು ಎಸ್ ಬೀಳುತ್ತದೆ.

ಗುರುತು ಬೀಳುತ್ತದೆ ಅನ್ನುವುದಕ್ಕೆ ಮುಂಚೆಯೇ ಒಂದು ಸುಳಿವು ಸಿಗುತ್ತದೆ. ಮನೆಯಿಂದ ಆನ್‌ಲೈನ್ ಚೆಕ್‌ಇನ್ ಮಾಡಲು ಹೋದರೆ ಆಗುವುದಿಲ್ಲ, ಕೌಂಟರಿಗೆ ಬನ್ನಿ ಅನ್ನುತ್ತದೆ. ಹಾಗಂತ ಪ್ರತಿ ಸಲವೂ ಇದೇ ಕಾರಣ ಅಂತ ಅಂದುಕೊಳ್ಳಬೇಡಿ. ವೀಸಾ ನೋಡುವುದಕ್ಕೂ ಕೌಂಟರಿಗೆ ಕರೆಯುತ್ತಾರೆ. ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ ಒಂದು ಸಲ ಕಣ್ಣಾಡಿಸಿ ಸಾಕು. ಇದ್ದರೆ ಟ್ರಾನ್ಸಿಟ್‌ನಲ್ಲಿ ಕಾಫಿ ಕುಡಿಯುತ್ತಾ ಕೂರದೆ ಬೇಗ ಗೇಟಿಗೆ ಹೋಗಿಬಿಡಿ.

ಪಕ್ಕಕ್ಕೆ ಕರೆದು ಏನು ಮಾಡುತ್ತಾರೆ?

ಅವ್ವನಿಗೆ ಆಗಿದ್ದನ್ನೇ ಹೇಳುತ್ತೇನೆ. ಮೊದಲನೇ ಸಲ, ಅಪ್ಪ ಅವ್ವ ಇಬ್ಬರೇ ಹೋಗಿದ್ದರು. ಮಧ್ಯದ ಊರಿನ ಗೇಟಿನಲ್ಲಿ ಅಪ್ಪನ ಬೋರ್ಡಿಂಗ್ ಪಾಸ್ ನೋಡಿ ಮುಂದೆ ಬಿಟ್ಟರು, ಅವ್ವನ ಪಾಸ್ ನೋಡಿ ಬಲಗಡೆಗೆ ಕೈ ತೋರಿಸಿದರು. ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಚಿಕ್ಕ ಫ್ರಿಜ್ಜಿನಷ್ಟು ದೊಡ್ಡ ಒಂದು ಯಂತ್ರ. ನೀಲಿ ಗ್ಲೌಸ್ ಹಾಕಿದ ಹುಡುಗಿಯೊಬ್ಬಳು ಅವ್ವನನ್ನು ಕೂರಿಸಿ, ಚಪ್ಪಲಿ ಬಿಡಿ ಅಂತ ಸನ್ನೆ ಮಾಡಿದಳು. ಒಂದು ಕಡ್ಡಿಯ ತುದಿಗೆ ಬಿಳಿ ಬಟ್ಟೆ ಚೂರು ಸಿಕ್ಕಿಸಿ ಅವ್ವನ ಎರಡೂ ಅಂಗೈ ಒರೆಸಿದಳು, ಬಳೆಗಳ ಸುತ್ತ ಒರೆಸಿದಳು, ಚಪ್ಪಲಿಯ ಅಟ್ಟೆ, ಕೈಚೀಲದ ಜಿಪ್ಪು, ಫೋನಿನ ಹಿಂಭಾಗ ಎಲ್ಲ ಒರೆಸಿ ಬಟ್ಟೆಯನ್ನು ಯಂತ್ರದ ಬಾಯಿಗೆ ಕೊಟ್ಟಳು. ಆಮೇಲೆ ಚೀಲದಲ್ಲಿದ್ದದ್ದನ್ನು ಒಂದೊಂದಾಗಿ ಹೊರಗಿಟ್ಟಳು. ಮಾತ್ರೆ ಡಬ್ಬಿ, ವಿಭೂತಿ ಉಂಡೆ, ಮಗುವಿಗೆ ಅಂತ ಅವ್ವ ಹೊಲಿದಿದ್ದ ಹತ್ತಿ ಬಟ್ಟೆಯ ಕುಲಾವಿ. ಕುಲಾವಿಯನ್ನು ಮಾತ್ರ ಆ ಹುಡುಗಿ ಮಡಿಕೆ ಕೆಡದಂತೆ ವಾಪಸ್ ಇಟ್ಟಳಂತೆ. ಅವ್ವ ಈಗಲೂ ಅದನ್ನು ನೆನೆಯುತ್ತಾಳೆ. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಆದರೆ ಆ ಹೊತ್ತಿನಲ್ಲಿ ಅಪ್ಪ ಗಾಜಿನ ಆಚೆ, ಅವ್ವ ಈಚೆ. "ನನ್ನನ್ನು ಇಲ್ಲೇ ಬಿಟ್ಟು ಹೋಗ್ತಾರೆ ಅಂದ್ಕೊಂಡೆ ಕಣೆ" ಅಂದಳು ಆಮೇಲೆ.

ಸಾಮಾನ್ಯವಾಗಿ ಇಷ್ಟೇ ನಡೆಯುವುದು. ಬಟ್ಟೆಯಲ್ಲಿ ಒರೆಸುವುದು, ಚೀಲ ಬಿಚ್ಚುವುದು, ಕೈಯಿಂದ ಮೈ ತಡವಿ ನೋಡುವುದು, ಫೋನ್ ಲ್ಯಾಪ್‌ಟಾಪ್ ಆನ್ ಮಾಡಿ ತೋರಿಸಿ ಅನ್ನುವುದು. ಅದಕ್ಕೇ ಫೋನಿನ ಚಾರ್ಜ್ ಖಾಲಿ ಮಾಡಿಕೊಂಡು ಗೇಟಿಗೆ ಹೋಗಬೇಡಿ.

ಆ ಬಟ್ಟೆ ಚೂರು ಏನು ಹುಡುಕುತ್ತದೆ?

ಸ್ಫೋಟಕದ ಕಣ್ಣಿಗೆ ಕಾಣದ ಪುಡಿ. ಬಟ್ಟೆಯನ್ನು ಯಂತ್ರ ಬಿಸಿ ಮಾಡುತ್ತದೆ, ಅದರಿಂದ ಎದ್ದ ಆವಿಗೆ ವಿದ್ಯುತ್ ಅಂಶ ಸೇರಿಸಿ ಒಂದು ಕೊಳವೆಯಲ್ಲಿ ಓಡಿಸುತ್ತದೆ. ಒಂದೊಂದು ವಸ್ತು ಕೊಳವೆಯ ಕೊನೆ ಮುಟ್ಟಲು ಒಂದೊಂದು ಹೊತ್ತು ತೆಗೆದುಕೊಳ್ಳುತ್ತದೆ. ಆ ಹೊತ್ತು ನೋಡಿ ಇದು ಇಂಥದ್ದು ಅಂತ ಯಂತ್ರ ಹೇಳುತ್ತದೆ. ಕೆಲವೇ ಸೆಕೆಂಡಿನ ಕೆಲಸ.

ನಮ್ಮ ಜಿಲ್ಲೆಯವರಿಗೆ, ಚಿಕ್ಕಮಗಳೂರಿನ ತೋಟದವರಿಗೆ ಇಲ್ಲೊಂದು ವಿಷಯ ಮುಖ್ಯ. ನೈಟ್ರೇಟ್ ಇರುವ ಗೊಬ್ಬರ ಮುಟ್ಟಿದ ಕೈಯೂ ಈ ಯಂತ್ರವನ್ನು ಕೂಗಿಸಬಹುದು. ಗ್ಲಿಸರಿನ್ ಇರುವ ಕೈಗೆ ಹಚ್ಚುವ ಕ್ರೀಮ್, ನೈಟ್ರೋಗ್ಲಿಸರಿನ್ ಇರುವ ಹೃದಯದ ಮಾತ್ರೆ, ದೀಪಾವಳಿ ಪಟಾಕಿಯ ಮದ್ದು, ಇವೂ ಅಷ್ಟೇ. ಎರಡನೇ ಸಲ ಹೋಗುವಾಗ ಅಪ್ಪ ಹೊರಡುವ ಹಿಂದಿನ ದಿನವೂ ಶುಂಠಿ ಹೊಲಕ್ಕೆ ಗೊಬ್ಬರ ಕೊಡಿಸುತ್ತಾ ನಿಂತಿದ್ದರು. ಬಂದವರೇ ಕೈ ತೊಳೆದರು, ಸ್ನಾನ ಮಾಡಿದರು, ಹೊಸ ಅಂಗಿ ಹಾಕಿದರು. ಕಾಲಿಗೆ ಮಾತ್ರ ಅದೇ ಶೂ. ಟ್ರಾನ್ಸಿಟ್‌ನಲ್ಲಿ ಶೂ ಒರೆಸಿದ ಬಟ್ಟೆಗೆ ಯಂತ್ರ ಕೂಗಿತು. ಗೊಬ್ಬರವೇ ಕಾರಣ ಅಂತ ಅಲ್ಲಿಯವರೇನೂ ಹೇಳಲಿಲ್ಲ, ನಾವು ಅಂದುಕೊಂಡಿದ್ದು ಅಷ್ಟೇ. ಇನ್ನೊಬ್ಬ ಅಧಿಕಾರಿ ಬಂದರು, ಮತ್ತೆ ಒರೆಸಿದರು, ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ನಾನು ಜೊತೆಗಿದ್ದೆ, ರೈತರು, ಹೊಲದಲ್ಲಿ ಗೊಬ್ಬರದ ಕೆಲಸ ಇತ್ತು ಅಂದೆ. ತಲೆ ಆಡಿಸಿ ಚೀಲ ಪೂರ್ತಿ ನೋಡಿ ಬಿಟ್ಟರು. ಅರ್ಧ ಗಂಟೆ ಹೋಯಿತು.

ಹಾಗಾಗಿ ಹೊಲಕ್ಕೆ, ತೋಟಕ್ಕೆ ಹಾಕುವ ಚಪ್ಪಲಿ, ಶೂ, ಬೆಲ್ಟು, ಕೈಚೀಲ ಪ್ರಯಾಣಕ್ಕೆ ಬೇಡವೇ ಬೇಡ. ಗೊಬ್ಬರ ತಂದ ಚೀಲವನ್ನು ಒಗೆದು ಅದರಲ್ಲೇ ಬಟ್ಟೆ ತುಂಬುವ ಅಭ್ಯಾಸ ಕೆಲವರಿಗೆ ಇದೆ, ಅದೂ ಬೇಡ. ಯಂತ್ರ ಕೂಗಿದರೆ ಗಾಬರಿಯಾಗಬೇಡಿ. ನಾನು ರೈತ, ಗೊಬ್ಬರ ಮುಟ್ಟಿದ್ದೆ ಅಂತ ನೇರವಾಗಿ ಹೇಳಿ. ಅವರಿಗೆ ಅದು ಹೊಸ ಮಾತಲ್ಲ.

ಚಟ್ನಿಪುಡಿ, ಕಾಫಿಪುಡಿ, ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಇಡಬಹುದಾ?

ಇದೊಂದೇ ಪ್ರಶ್ನೆಗೆ ಅರ್ಧ ದಿನ ಫೋನಿನಲ್ಲಿ ಮಾತಾಡಿದ್ದೂ ಇದೆ. ನನ್ನ ಉತ್ತರ: ತಿನ್ನುವ ಸಾಮಾನೆಲ್ಲ ಚೆಕ್‌ಇನ್ ಲಗೇಜಿಗೆ. ಕೈಚೀಲಕ್ಕೆ ದಾರಿಯಲ್ಲಿ ತಿನ್ನುವಷ್ಟು ಚಪಾತಿ, ಒಣ ತಿಂಡಿ ಸಾಕು.

ಯಾಕೆ ಅಂತ ಹೇಳುತ್ತೇನೆ. ಎಕ್ಸ್‌ರೇ ಪರದೆಯ ಮೇಲೆ ವಸ್ತುಗಳು ಬಣ್ಣದಲ್ಲಿ ಕಾಣುತ್ತವೆ. ಲೋಹ ನೀಲಿ. ಆಹಾರ, ಬಟ್ಟೆ, ಕಾಗದ ಇಂಥವು ಕಿತ್ತಳೆ. ಸ್ಫೋಟಕಗಳಲ್ಲೂ ಹೆಚ್ಚಿನವು ಅದೇ ಕಿತ್ತಳೆ. ಒತ್ತಿ ತುಂಬಿದ ಒಂದು ಕಿಲೋ ಹುರಿಗಡಲೆ ಚಟ್ನಿಪುಡಿ, ಇಟ್ಟಿಗೆಯಂತೆ ಕೂತ ಮೈಸೂರು ಪಾಕು ಪರದೆಯಲ್ಲಿ ದಟ್ಟ ಕಿತ್ತಳೆ ಗಡ್ಡೆಯಾಗಿ ಕಾಣುತ್ತದೆ. ನೋಡುವವರು ಬಿಚ್ಚಿಸಲೇಬೇಕು, ಅವರ ತಪ್ಪಲ್ಲ.

ಅಮೆರಿಕಕ್ಕೆ ಹೋಗುವ ವಿಮಾನಗಳಿಗೆ 2018ರ ಜೂನ್ 30ರಿಂದ ಪುಡಿಗೆಂದೇ ಒಂದು ನಿಯಮ ಇದೆ. ಸುಮಾರು 350 ಮಿಲಿಲೀಟರ್ ಅಳತೆಗಿಂತ ಹೆಚ್ಚು, ಅಂದರೆ ಒಂದು ತಂಪು ಪಾನೀಯದ ಡಬ್ಬಿಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಏನು ಅಂತ ಸ್ಪಷ್ಟವಾಗದಿದ್ದರೆ ವಿಮಾನದೊಳಗೆ ಬಿಡುವುದಿಲ್ಲ. ಅರ್ಧ ಕಿಲೋ ಕಾಫಿಪುಡಿ ಪ್ಯಾಕೆಟ್ಟು ಈ ಅಳತೆ ದಾಟುತ್ತದೆ. ಆಸ್ಟ್ರೇಲಿಯಾದಲ್ಲೂ ಅದೇ ವರ್ಷದಿಂದ ಪುಡಿಗೆ ನಿಯಮ ಇದೆ. ಚಿಕ್ಕಮಗಳೂರಿನಿಂದ ಹೊರಡುವವರು ಕಾಫಿಪುಡಿ ಬಿಟ್ಟು ಹೋಗುವುದು ಅಂತ ಇಲ್ಲ, ಅದು ಗೊತ್ತು. ಪ್ಯಾಕೆಟ್ ಒಡೆಯದೆ, ಅಂಗಡಿಯ ಲೇಬಲ್ ಇರುವಂತೆ ದೊಡ್ಡ ಸೂಟ್‌ಕೇಸಿಗೆ ಹಾಕಿ.

ತುಪ್ಪ, ಉಪ್ಪಿನಕಾಯಿ, ಗೊಜ್ಜು, ಜೇನುತುಪ್ಪ ಇವೆಲ್ಲ ಅವರ ಲೆಕ್ಕದಲ್ಲಿ ನೀರಿನ ಜಾತಿ. ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ಒಂದು ಬಾಟಲಿಗೆ 100 ಮಿಲಿಲೀಟರ್ ಮಿತಿ. 2006ರ ಆಗಸ್ಟಿನಲ್ಲಿ ದ್ರವ ಸ್ಫೋಟಕ ಬಳಸಿ ಬ್ರಿಟನ್ನಿನಿಂದ ಅಮೆರಿಕ, ಕೆನಡಾಗಳಿಗೆ ಹೋಗುವ ವಿಮಾನಗಳನ್ನು ಉರುಳಿಸುವ ಸಂಚು ಸಿಕ್ಕಿಬಿದ್ದ ಮೇಲೆ ಬಂದದ್ದು ಇದು. ಕೆಲವು ಕಡೆ ಹೊಸ ಸ್ಕ್ಯಾನರ್ ಬಂದು ಈ ಮಿತಿ ಸಡಿಲವಾಗಿದೆ. ಆದರೆ ನಿಮ್ಮ ದಾರಿಯಲ್ಲಿ ಎಲ್ಲಿ ಬಿಗಿ ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಅರಸೀಕೆರೆ ಕಡೆಯವರೇ, ಒಣಕೊಬ್ಬರಿ ಮಾತ್ರ ಎಲ್ಲಿಯೂ ಇಡಬೇಡಿ. ಎಣ್ಣೆ ಅಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿ ಇದೆ. ಪೂಜೆ ಮಾಡಿಸಿ ಕೊಟ್ಟ ಗಿಟುಕಾದರೂ ತೆಗೆಸುತ್ತಾರೆ.

ಡ್ಯೂಟಿ ಫ್ರೀಯಲ್ಲಿ ಕೊಂಡದ್ದು?

ಸೀಲ್ ಹಾಕಿದ ವಿಶೇಷ ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ ಸಮೇತ ಕೊಡುತ್ತಾರೆ. ಕೊನೆಯ ಊರು ಮುಟ್ಟುವವರೆಗೆ ಬಿಚ್ಚಬೇಡಿ. ಬಿಚ್ಚಿದರೆ ಮುಂದಿನ ಚೆಕಿಂಗ್‌ನಲ್ಲಿ ಹೋಯಿತು ಅಂತಲೇ ಲೆಕ್ಕ.

ತಾಳಿ, ಬಳೆ, ಕಾಲುಂಗುರ ತೆಗೆಯಬೇಕಾ? ಸೀರೆ ಉಟ್ಟರೆ ತೊಂದರೆಯಾ?

ತಾಳಿ ತೆಗೆಯಿರಿ ಅಂತ ನಮ್ಮವ್ವನಿಗೆ ಯಾರೂ ಹೇಳಿಲ್ಲ. ಸದ್ದು ಬಂದರೆ ಕೈಯಲ್ಲಿ ಹಿಡಿಯುವ ಯಂತ್ರದಿಂದ ನೋಡುತ್ತಾರೆ. ನಿಂತು ಕೈ ಎತ್ತುವ ಗಾಜಿನ ಡಬ್ಬಿಯಂಥ ಸ್ಕ್ಯಾನರ್‌ನಲ್ಲಿ ಸೀರೆಯ ನೆರಿಗೆ, ಸೆರಗಿನ ಪಿನ್ನು, ದಪ್ಪ ಜರಿ ಇದ್ದ ಜಾಗವನ್ನು ಪರದೆ ಹಳದಿ ಚೌಕ ಹಾಕಿ ತೋರಿಸುತ್ತದೆ, ಆಗ ಅಲ್ಲಿ ಮಾತ್ರ ಕೈಯಿಂದ ಮುಟ್ಟಿ ನೋಡುತ್ತಾರೆ. ಆ ಸ್ಕ್ಯಾನರ್‌ನಲ್ಲಿರುವುದು ಮಿಲಿಮೀಟರ್ ಅಲೆ, ಎಕ್ಸ್‌ರೇ ಅಲ್ಲ. ಹೆದರಬೇಡಿ.

ಹೆಂಗಸರನ್ನು ಹೆಂಗಸರೇ ಮುಟ್ಟಿ ನೋಡಬೇಕು. ನಮ್ಮಲ್ಲಿ ಪರದೆಯ ಮರೆಯಲ್ಲಿ ನೋಡುತ್ತಾರೆ, ಹೊರಗೆ ಕೆಲವು ಕಡೆ ಎಲ್ಲರ ಎದುರಿಗೇ ನಿಲ್ಲಿಸುತ್ತಾರೆ. ಮುಜುಗರ ಆದರೆ ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಅಂತ ಕೇಳಬಹುದು. ಅಮೆರಿಕದಲ್ಲಿ ಜೊತೆಗೆ ನಮ್ಮವರೊಬ್ಬರನ್ನು ಕರೆದುಕೊಂಡು ಹೋಗುವ ಹಕ್ಕೂ ಇದೆ. ನನ್ನ ಸಲಹೆ, ಪ್ರಯಾಣಕ್ಕೆ ಹಗುರವಾದ ಹತ್ತಿ ಸೀರೆ ಅಥವಾ ಚೂಡಿದಾರ, ಪಿನ್ನು ಕಮ್ಮಿ, ಕಾಲಿಗೆ ಸಲೀಸಾಗಿ ಬಿಚ್ಚಿ ಹಾಕುವ ಚಪ್ಪಲಿ. ಅಮೆರಿಕದ ಒಳಗೆ 2025ರ ಜುಲೈಯಿಂದ ಎಲ್ಲರೂ ಶೂ ಬಿಚ್ಚಬೇಕು ಅನ್ನುವ ನಿಯಮ ತೆಗೆದಿದ್ದಾರೆ. ಆದರೆ ಪಕ್ಕಕ್ಕೆ ಕರೆದವರಿಗೆ ಬಿಚ್ಚಿ ಅಂದರೆ ಬಿಚ್ಚಲೇಬೇಕು.

ಅಪ್ಪನಿಗೆ ಪೇಸ್‌ಮೇಕರ್ ಇದೆ, ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ.

ಯಂತ್ರದ ಹತ್ತಿರ ಹೋಗುವ ಮುಂಚೆಯೇ ಹೇಳಬೇಕು. ಪೇಸ್‌ಮೇಕರ್ ಹಾಕಿದಾಗ ಆಸ್ಪತ್ರೆಯವರು ಕೊಟ್ಟ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಡಿ. ಕೈ ಯಂತ್ರವನ್ನು ಎದೆಯ ಮೇಲೆ ಹಿಡಿದು ನಿಲ್ಲಿಸಬೇಡಿ, ಕೈಯಿಂದ ನೋಡಿ ಅಂತ ಕೇಳಿಕೊಳ್ಳಿ. ಮಂಡಿಯೊಳಗಿನ ಲೋಹ ಪ್ರತಿ ಬಾಗಿಲಿನಲ್ಲೂ ಕೂಗುತ್ತದೆ, ಅದಕ್ಕೆ ಡಾಕ್ಟರ ಚೀಟಿ ತೋರಿಸಿದರೂ ಮುಟ್ಟಿ ನೋಡುವುದು ತಪ್ಪುವುದಿಲ್ಲ. ಇನ್ಸುಲಿನ್, ಸಿರಪ್‌ಗೆ 100 ಮಿಲಿಲೀಟರ್ ಮಿತಿಯಿಂದ ವಿನಾಯಿತಿ ಇದೆ. ಆದರೆ ಬೇರೆಯಾಗಿ ತೆಗೆದು ತೋರಿಸಬೇಕು. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಹಳೇ ಡಬ್ಬಿಗೆ ತುಂಬಬೇಡಿ, ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಚೀಟಿ ಜೊತೆಗಿರಲಿ.

ಇಂಗ್ಲಿಷ್ ಬರುವುದಿಲ್ಲ. ಏನು ಕೇಳುತ್ತಾರೆ, ಏನು ಹೇಳಬೇಕು?

ಅಮೆರಿಕಕ್ಕೆ ಹೋಗುವವರಿಗೆ ಗೇಟಿನ ಹತ್ತಿರ ನಾಲ್ಕು ಮಾತು ಕೇಳುವ ಪದ್ಧತಿ 2017ರ ಅಕ್ಟೋಬರಿನಿಂದ ಜಾಸ್ತಿಯಾಗಿದೆ. ಎಲ್ಲಿಗೆ ಹೋಗುತ್ತೀರಿ, ಯಾರ ಮನೆಗೆ, ಎಷ್ಟು ದಿನ ಅನ್ನುವುದರ ಜೊತೆ ಮೂರು ಪ್ರಶ್ನೆ ಮುಖ್ಯ. ಈ ಚೀಲ ನೀವೇ ತುಂಬಿದ್ದಾ? ತುಂಬಿದ ಮೇಲೆ ನಿಮ್ಮ ಕಣ್ಣಳತೆಯಲ್ಲೇ ಇತ್ತಾ? ಬೇರೆಯವರು ಏನಾದರೂ ಕೊಟ್ಟಿದ್ದಾರಾ?

ಮೂರನೆಯದರಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳುವುದು. ಊರಿಗೆ ಹೊರಟವರ ಮನೆಗೆ ಹಿಂದಿನ ಸಂಜೆ ಬಂದು, "ಅಕ್ಕ, ನಮ್ಮ ಹುಡುಗನಿಗೆ ಒಂದು ಚಿಕ್ಕ ಪೊಟ್ಟಣ, ಅಲ್ಲಿ ಬಂದು ಇಸ್ಕೋತಾನೆ" ಅಂತ ಕೊಡುತ್ತಾರೆ. ಟೇಪು ಸುತ್ತಿ ಗಟ್ಟಿಯಾಗಿ ಕಟ್ಟಿರುತ್ತಾರೆ. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ನಿಮಗೆ ಗೊತ್ತಿಲ್ಲದ್ದನ್ನು ನಿಮ್ಮ ಹೆಸರಿನಲ್ಲಿ ಗಡಿ ದಾಟಿಸುವುದು ಸಣ್ಣ ವಿಷಯವಲ್ಲ. ನಮ್ಮ ಮನೆಯಲ್ಲಿ ಈಗ ಒಂದೇ ನಿಯಮ, ಕೊಡುವವರ ಎದುರಿಗೇ ಬಿಚ್ಚಿ ನೋಡಿ ನಾವೇ ಮತ್ತೆ ಕಟ್ಟುತ್ತೇವೆ. ಬೇಜಾರು ಮಾಡಿಕೊಂಡವರು ಇದ್ದಾರೆ. ಪರವಾಗಿಲ್ಲ.

ಭಾಷೆಗೆ ವೀಲ್‌ಚೇರ್ ಸಹಾಯ ಕೇಳುವುದು ಈಗ ರೂಢಿಯಾಗಿದೆ. ತಳ್ಳುವವರು ದಾರಿ ತೋರಿಸುತ್ತಾರೆ, ಸಾಲು ಬೇಗ ಸಾಗುತ್ತದೆ. ಆದರೆ ಅದರಿಂದ ತಪಾಸಣೆ ತಪ್ಪುವುದಿಲ್ಲ, ಕುರ್ಚಿಯನ್ನೂ ಕೈಯನ್ನೂ ಒರೆಸಿಯೇ ಕಳಿಸುತ್ತಾರೆ. ನಡೆಯಲು ನಿಜವಾಗಲೂ ಆಗದವರಿಗೆ ಕುರ್ಚಿ ಸಾಲದೆ ಕಾಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಲು ಗಟ್ಟಿ ಇದ್ದರೆ ಕುರ್ಚಿ ಕೇಳದೆ, ಮೊದಲ ಸಲ ಹೋಗುವ ಹಿರಿಯರಿಗೆ ಜೊತೆ ಬೇಕು ಅಂತ ಏರ್‌ಲೈನ್‌ನವರನ್ನು ಕೇಳಿ ನೋಡಿ.

ಚೆಕಿಂಗ್‌ನಿಂದಲೇ ಫ್ಲೈಟ್ ತಪ್ಪಿದರೆ?

ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಬುಕ್ ಆಗಿದ್ದರೆ ಏರ್‌ಲೈನ್‌ನ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಿ, ಮುಂದಿನ ವಿಮಾನ ಕೇಳಿ. ಬೇರೆ ಬೇರೆ ಟಿಕೆಟ್ ತಗೊಂಡಿದ್ದರೆ ಎರಡನೆಯವರಿಗೆ ನೀವು ಬರದೇ ಇದ್ದವರ ಲೆಕ್ಕ, ದುಡ್ಡು ಹೋದಂತೆಯೇ. ನಾಲ್ಕೈದು ಸಾವಿರ ಉಳಿಯುತ್ತದೆ ಅಂತ ಅಪ್ಪ ಅಮ್ಮನಿಗೆ ಹಾಗೆ ಟಿಕೆಟ್ ಮಾಡಬೇಡಿ ಅಂತ ಮಕ್ಕಳಿಗೆ ಕೈ ಮುಗಿದು ಹೇಳುತ್ತೇನೆ. ಒಂದೂಕಾಲು ಗಂಟೆಯ ಅಂತರವನ್ನು ಏರ್‌ಲೈನ್ ಒಪ್ಪಿದರೂ ನೀವು ಒಪ್ಪಬೇಡಿ. ಹಿರಿಯರಿಗೆ ಮೂರು ಗಂಟೆಯಾದರೂ ಇರಲಿ.

ಅಬುಧಾಬಿ ಮೇಲೆ ಹೋದರೆ ಅಮೆರಿಕದಲ್ಲಿ ಸಾಲೇ ಇಲ್ಲ ಅನ್ನುತ್ತಾರೆ, ನಿಜವಾ?

ನಿಜ. ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ 2014ರ ಜನವರಿಯಿಂದ ಅಬುಧಾಬಿಯಲ್ಲೇ ಮುಗಿಯುತ್ತದೆ. ಐರ್ಲೆಂಡಿನ ಡಬ್ಲಿನ್, ಶಾನನ್‌ನಲ್ಲೂ ಹೀಗೇ ಇದೆ. ಅಮೆರಿಕದಲ್ಲಿ ಇಳಿದಾಗ ಒಳನಾಡಿನ ಪ್ರಯಾಣಿಕರ ಹಾಗೆ ಹೊರಗೆ ಬರುತ್ತೀರಿ. ಆದರೆ ಅದಕ್ಕೆಲ್ಲ ಹೊತ್ತು ಅಬುಧಾಬಿಯಲ್ಲೇ ಬೇಕು. ಅಲ್ಲಿನ ಮಧ್ಯಂತರ ಇನ್ನೂ ಜಾಸ್ತಿ ಇಟ್ಟುಕೊಳ್ಳಿ.

ಬೇರೆ ದಾರಿಯಲ್ಲಿ ಹೋಗಿ ಅಮೆರಿಕದೊಳಗೆ ಇನ್ನೊಂದು ವಿಮಾನ ಹತ್ತಬೇಕಾದರೆ, ಮೊದಲು ಇಳಿದ ಊರಲ್ಲೇ ಸೂಟ್‌ಕೇಸ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಆಮೇಲೆ ಮತ್ತೊಂದು ಪೂರ್ತಿ ಸೆಕ್ಯುರಿಟಿ. ಸೂಟ್‌ಕೇಸನ್ನೂ ಬಿಚ್ಚಿ ನೋಡಿ ಒಳಗೊಂದು ಚೀಟಿ ಇಟ್ಟಿರುತ್ತಾರೆ. ಕಳ್ಳತನ ಆಗಿದೆ ಅಂತ ಅಂದುಕೊಳ್ಳಬೇಡಿ.

ಹೋದ ಸಲವೂ ನಾನೇ, ಈ ಸಲವೂ ನಾನೇ. ಏನಾದರೂ ದಾರಿ ಇದೆಯಾ?

ಅಮೆರಿಕದ ಪ್ರಯಾಣಗಳಿಗೆ ಇದೆ. ಅಲ್ಲಿನ ಗೃಹಭದ್ರತಾ ಇಲಾಖೆಗೆ ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ ಒಂದು ರಿಡ್ರೆಸ್ ನಂಬರ್ ಕೊಡುತ್ತಾರೆ, ಏಳು ಅಂಕಿಯದ್ದು. ಮುಂದೆ ಟಿಕೆಟ್ ಮಾಡುವಾಗ ಆ ನಂಬರ್ ಹಾಕಬೇಕು. ನಿಮ್ಮಂಥದೇ ಹೆಸರಿನ ಬೇರೆ ಯಾರನ್ನೋ ನೀವು ಅಂತ ತಿಳಿದಿದ್ದರೆ ಅದು ಸರಿಹೋಗುತ್ತದೆ. ಸುಮ್ನೆ ಆರಿಸುವುದು ಇದರಿಂದ ನಿಲ್ಲುವುದಿಲ್ಲ.

ಹೆಸರಿನ ಗೊಂದಲ ನಮ್ಮ ಕಡೆ ಜಾಸ್ತಿ. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ನಮ್ಮ ಹೆಸರು. ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ನಮ್ಮವ್ವನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಿದ್ದಾಗ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಟಿಕೆಟ್‌ನಲ್ಲಿ ಮತ್ತೊಂದು ಥರ ಇದ್ದರೆ ಪ್ರತಿ ಕೌಂಟರಿನಲ್ಲೂ ವಿವರಣೆ ಕೊಡುತ್ತಾ ನಿಲ್ಲಬೇಕು. ಪಾಸ್‌ಪೋರ್ಟ್ ನವೀಕರಿಸುವಾಗಲೇ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ.

ಬೇಡ ಅನ್ನಬಹುದಾ?

ತಪಾಸಣೆಯೇ ಬೇಡ ಅಂದರೆ ವಿಮಾನ ಹತ್ತಿಸುವುದಿಲ್ಲ. ಆದರೆ ವಿಧಾನ ಕೇಳಬಹುದು. ಅಮೆರಿಕದಲ್ಲಿ ಸ್ಕ್ಯಾನರ್ ಬೇಡ, ಕೈಯಿಂದ ನೋಡಿ ಅನ್ನಬಹುದು. ಯಾರಾದರೂ ಒರಟಾಗಿ ನಡೆದುಕೊಂಡರೆ ಅಲ್ಲೇ ಜಗಳ ಬೇಡ, ಮೇಲಿನವರನ್ನು ಕರೆಯಿರಿ ಅಂತ ಕೇಳಿ. ಹೊತ್ತು, ಗೇಟ್ ನಂಬರ್ ಬರೆದಿಟ್ಟುಕೊಂಡು ಆಮೇಲೆ ದೂರು ಕೊಡಿ. ನಗೆಚಾಟಿಕೆಗೂ ಬಾಂಬು ಅನ್ನುವ ಮಾತು ಬಾಯಿಗೆ ಬರಬಾರದು.

ಬೆಂಗಳೂರಿನಲ್ಲೇ ಗೇಟ್ ಹತ್ತಿರ ಎರಡನೇ ಸಲ ನೋಡಿದರು, ಅದು?

ಸೆಕ್ಯುರಿಟಿ ಆದ ಮೇಲೂ ವಿಮಾನ ಹತ್ತುವ ಮುಂಚೆ ಇನ್ನೊಂದು ಸಲ ನೋಡುವುದಕ್ಕೆ ಲ್ಯಾಡರ್ ಪಾಯಿಂಟ್ ಚೆಕ್ ಅನ್ನುತ್ತಾರೆ. ಜನವರಿ 26, ಆಗಸ್ಟ್ 15ರ ಆಸುಪಾಸಿನಲ್ಲಿ, ಎಚ್ಚರಿಕೆ ಹೆಚ್ಚಿದ ದಿನಗಳಲ್ಲಿ ಮಾಡುತ್ತಾರೆ. 1999ರ ಡಿಸೆಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ವಿಮಾನ ಅಪಹರಿಸಿ ಕಂದಹಾರಕ್ಕೆ ಒಯ್ದ ಮೇಲೆ ನಮ್ಮ ವಿಮಾನ ನಿಲ್ದಾಣಗಳ ಕಾವಲನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಕೊಡುತ್ತಾ ಬಂದರು. ಅವರ ಜೊತೆ ಹಿಂದಿ ಬರದಿದ್ದರೂ ಕೈಸನ್ನೆಯಲ್ಲಿ ಎಲ್ಲ ನಡೆಯುತ್ತದೆ.

ಹಾಸನದಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್, ದೇವನಹಳ್ಳಿಗೆ ಅದರ ಮೇಲೆ ಇನ್ನಷ್ಟು. ನೆಲಮಂಗಲದ ಹತ್ತಿರ ಸಿಕ್ಕಿಕೊಂಡರೆ ಹೇಳಲಾಗದು. ನಸುಕಿನ ನಾಲ್ಕರ ಫ್ಲೈಟಿಗೆ ನಾವು ಸಂಜೆ ಆರಕ್ಕೇ ಊಟ ಕಟ್ಟಿಕೊಂಡು ಹೊರಡುತ್ತೇವೆ. ಚಿಕ್ಕಮಗಳೂರಿನವರು ಮಧ್ಯಾಹ್ನವೇ ಬಿಟ್ಟರೆ ಒಳ್ಳೆಯದು.

ಅವ್ವನಿಗೆ ಇದನ್ನೆಲ್ಲ ಹೇಗೆ ಹೇಳಲಿ? ಕೇಳಿದರೆ ಇನ್ನೂ ಹೆದರುತ್ತಾಳೆ.

ನಾನೂ ಹಾಗೇ ಅಂದುಕೊಂಡು ಮೊದಲ ಸಲ ಹೇಳದೆ ಕಳಿಸಿದ್ದು. ಎರಡನೇ ಸಲ ಹೊರಡುವ ಹಿಂದಿನ ವಾರ ಊಟ ಆದ ಮೇಲೆ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಕರವಸ್ತ್ರದಲ್ಲಿ ಅಂಗೈ ಒರೆಸಿ ತೋರಿಸಿದೆ. ಕೈ ಹೀಗೆ ಅಗಲಿಸು, ಕಾಲು ಹೀಗಿಡು, ಚೀಲ ಬಿಚ್ಚಿದರೆ ಸುಮ್ನಿರು, ಅಪ್ಪ ಆಚೆ ಹೋದರೂ ವಿಮಾನ ಹೋಗುವುದಿಲ್ಲ ಅಂತ ಹೇಳಿದೆ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ: ನನಗೆ ಕನ್ನಡ ಮಾತ್ರ ಬರುತ್ತದೆ, ನನ್ನ ಗಂಡ ಜೊತೆಗಿದ್ದಾರೆ, ಮಗನ ಮನೆಗೆ ಹೋಗುತ್ತಿದ್ದೇನೆ, ಅವನ ಫೋನ್ ನಂಬರ್ ಇದು. ಕೆಳಗೆ ಅದನ್ನೇ ಕನ್ನಡದಲ್ಲಿ ಬರೆದೆ, ಯಾವ ಸಾಲು ತೋರಿಸುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿ ಅಂತ.

ಆ ರಟ್ಟು ಈಗ ಪಾಸ್‌ಪೋರ್ಟ್ ಪೌಚಿನಲ್ಲೇ ಇರುತ್ತದೆ. ಮೂಲೆಗಳು ಮುದುರಿವೆ. ಹೋದ ತಿಂಗಳು ಪಕ್ಕದ ಮನೆಯವರು ಮಗಳ ಬಾಣಂತನಕ್ಕೆ ಹೊರಟಾಗ ಅವ್ವ ಅದನ್ನು ತೆಗೆದು ತೋರಿಸಿ, ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ, "ಎಲ್ಲಿ, ಕೈ ಅಗಲಿಸಿ" ಅಂದಳು.